ಎರಡೂ ಕಾಲು ನೆಲ ಬಿಟ್ಟ ಗಳಿಗೆ

ಓಟವಲ್ಲ ನಮ್ಮದು, ನಡಿಗೆ.
ಸಾಲಗಾಮೆ ರಸ್ತೆಯಲ್ಲಿ ಆಟೋದವರು ಬಾತುಕೋಳಿ ಅನ್ನುತ್ತಾರೆ
ಸೊಂಟದ ತಿರುವು ನೋಡಿ.
ಅನ್ನಲಿ.
ನಿಯಮ ಎರಡೇ:
ಒಂದು ಕಾಲಾದರೂ ಸದಾ ನೆಲ ಮುಟ್ಟಿರಬೇಕು,
ಮುಂದಿಟ್ಟ ಮಂಡಿ ಬಾಗಬಾರದು.
ಬದುಕಿಗೂ ಅದೇ ಕಣಮ್ಮ ಅಂದಿದ್ದರು ಕೋಚ್ ಸಿದ್ದಲಿಂಗಯ್ಯ.
ಬರೆದುಕೊಂಡಿದ್ದೆ.

ಇಪ್ಪತ್ತೈದು ಸುತ್ತಿನ ಸ್ಪರ್ಧೆ.
ಇಪ್ಪತ್ತೆರಡರಲ್ಲಿ ಮೂರನೆಯ ಕೆಂಪು ಚೀಟಿ.
ಅಂಗಾಲಿಗೂ ಟ್ರ್ಯಾಕಿಗೂ ನಡುವೆ
ಒಂದು ಬೆರಳಿನಷ್ಟು ಗಾಳಿ ಸುಳಿಯಿತಂತೆ,
ನನಗೆ ಗೊತ್ತಾಗಲಿಲ್ಲ,
ಟೋಪಿ ಹಾಕಿದ ತೀರ್ಪುಗಾರನಿಗೆ ಗೊತ್ತಾಯಿತು.
ಎದೆಯ ನಂಬರ್ ಬಿಚ್ಚು ಅಂದರು.
ನಾಲ್ಕು ಪಿನ್ನು.
ನಾಲ್ಕನೆಯದು ಬೆರಳಿಗೆ ಚುಚ್ಚಿದಾಗ
ಒಳ್ಳೇದಾಯ್ತು ಅಂದುಕೊಂಡೆ.

ಅಂದಿನಿಂದ ಹಾಸ್ಟೆಲಿನ ದೀಪ ಆರಿದ ಮೇಲೆ
ಮೊಬೈಲ್ ಬೆಳಕಿನಲ್ಲಿ ನೋಟ್‌ಬುಕ್.
ದಂಡಪಿಂಡ. ಎಮ್ಮೆ. ಅನ್ನಕ್ಕೆ ದಂಡ. ಭೂಮಿಗೆ ಭಾರ.
ಭಾರವಿದ್ದವಳ ಕಾಲು ನೆಲ ಬಿಡುವುದು ಹೇಗೆ
ಅಂತ ಆಗ ಹೊಳೆಯಲೇ ಇಲ್ಲ.
ಜಿಲ್ಲಾಸ್ಪತ್ರೆಯ ಡಾಕ್ಟರಮ್ಮ ಕೇಳಿದರು, ನಿದ್ದೆ ಎಷ್ಟು ಹೊತ್ತು?
ನಾನು ಹತ್ತು ಕಿಲೋಮೀಟರಿನ ಟೈಮಿಂಗ್ ಹೇಳಿದೆ.
ಅವರು ಪೆನ್ನು ಕೆಳಗಿಟ್ಟು
ಸುಮ್ಮನೆ ನನ್ನನ್ನೇ ನೋಡಿದರು.

ಹರ್ಡಲ್ಸ್ ಹುಡುಗಿ ತಬಸ್ಸುಮ್, ಅರಸೀಕೆರೆಯವಳು,
ಆರನೆಯ ಹಲಗೆಗೆ ಕಾಲು ತಾಗಿ ಬಿದ್ದು ಬಂದಳು ಒಂದು ಸಂಜೆ.
ಅವಳಮ್ಮ ಕಳಿಸಿದ ಕೊಬ್ಬರಿ ಎಣ್ಣೆ
ಬಿಸಿ ಮಾಡಿ ಮೀನಖಂಡಕ್ಕೆ ತಿಕ್ಕುತ್ತಾ ಕೂತೆ.
ಏನೂ ಆಗಿಲ್ಲ ಕಣೇ, ಹಲಗೆ ಬಿತ್ತು ಅಷ್ಟೆ,
ನಿನ್ನ ಕಾಲು ಒಳ್ಳೆ ಕಾಲು,
ಪಾಪ, ಎಷ್ಟು ದುಡಿದಿದೆ ನೋಡು ಇವತ್ತು.
ಇಷ್ಟು ಮೆತ್ತನೆಯ ಮಾತು
ನನ್ನ ಬಾಯಲ್ಲಿ ಎಲ್ಲಿತ್ತು?
ಅವಳು ಅರೆನಿದ್ದೆಯಲ್ಲಿ ಕೇಳಿದಳು,
ನಿಮ್ಮ ಕಾಲಿಗೆ ಯಾರು ಹಚ್ತಾರಕ್ಕ?

ಎಣ್ಣೆ ಇನ್ನೂ ಬಿಸಿಯಿತ್ತು.
ನನ್ನ ಎಡಗಾಲು ಚಾಚಿ, ಕೈ ಇಟ್ಟು, ಬಾಯಿ ತೆರೆದೆ.
ಬಂದದ್ದು ಎಮ್ಮೆ.

ಭಾನುವಾರ ಎಪಿಎಂಸಿ ಯಾರ್ಡಿಗೆ ಹೋದೆ.
ಅವ್ವ ಬಿತ್ತನೆ ಆಲೂಗಡ್ಡೆ ಕುಯ್ಯುತ್ತಿದ್ದಳು, ದಿನಗೂಲಿಗೆ,
ಒಂದೊಂದು ಹೋಳಿಗೂ ಒಂದು ಕಣ್ಣು ಉಳಿಯುವ ಹಾಗೆ.
ಸೋತೆಯಾ ಅಂತ ಕೇಳಲಿಲ್ಲ, ಉಂಡೆಯಾ ಅಂದಳು.
ಕುಯ್ದದ್ದನ್ನೆಲ್ಲ ಗೋಣಿಯ ಮೇಲೆ ನೆರಳಿಗೆ ಹರವಿದ್ದಳು.
ಇವತ್ತೇ ನೆಡಲ್ವಾ ಅಂದೆ.
ಥೂ ಪೆದ್ದಿ, ಗಾಯ ಆರಬೇಕು ಕಣೇ,
ಹಸೀದ್ನೇ ಹೂತ್ರೆ ಮಣ್ಣಲ್ಲೇ ಕೊಳ್ತೋಯ್ತದೆ.
ಅಷ್ಟು ಹೇಳಿ ಚಾಕು ಒರೆಸಿಕೊಂಡು
ಮುಂದಿನ ಗೆಡ್ಡೆ ಎತ್ತಿಕೊಂಡಳು.
ಅವಳು ಹೇಳಿದ್ದು ಗೆಡ್ಡೆಯ ವಿಷಯ.
ಸಿಟಿ ಬಸ್ಸಿನಲ್ಲಿ ಕಿಟಕಿ ಕಡೆ ತಿರುಗಿ ಅತ್ತದ್ದು ನಾನು.

ಇವತ್ತು ಬೆಳಿಗ್ಗೆ ಐದೂವರೆ, ಸ್ಟೇಡಿಯಂ ತುಂಬ ಮಂಜು,
ಎದುರಿನ ತಿರುವು ಕಾಣುತ್ತಿಲ್ಲ.
ಹನ್ನೊಂದನೆಯ ಸುತ್ತಿಗೆ ಎಡಗಾಲು ಎಳೆಯಿತು.
ಹಳೆಯ ಮಾತು ನಾಲಿಗೆ ತುದಿಗೆ ಬಂತು, ಎಮ್ಮೆ,
ಬಂದದ್ದನ್ನು ಅರ್ಧಕ್ಕೇ ನಿಲ್ಲಿಸಲಾಗಲಿಲ್ಲ,
ಪೂರ್ತಿ ಅಂದೆ. ಆಮೇಲೆ,
ಯಾರೂ ಇಲ್ಲವೆಂದು ಎರಡು ಸಲ ನೋಡಿಕೊಂಡು,
ಪಾಪ, ಅಂದೆ. ತುಂಬ ಸಣ್ಣಗೆ.
ನಾಚಿಕೆಯಾಯಿತು.

ಒಂದನೇ ಲೇನಿನಲ್ಲೇ ಕೂತುಬಿಟ್ಟೆ, ಎರಡೂ ಕಾಲು ಚಾಚಿ.
ಮಂಡಿ ಬಾಗಿತ್ತು.
ಹಳದಿ ಹಲಗೆ ಯಾರೂ ಎತ್ತಲಿಲ್ಲ.
ಕೆಳಗೆ ನೆಲ ತಣ್ಣಗೆ, ಇದ್ದಲ್ಲೇ ಇತ್ತು.
ಮಂಜಿನಾಚೆಯಿಂದ ತಬಸ್ಸುಮ್ ಕೂಗಿದಳು,
ಅಕ್ಕಾ, ಇವತ್ತು ಚಿತ್ರಾನ್ನ,
ಬೇಗ ಬನ್ನಿ, ಖಾಲಿಯಾಗತ್ತೆ!
ಬಂದೆ ತಡಿಯೇ ಅಂದು
ಇನ್ನೂ ಸ್ವಲ್ಪ ಹೊತ್ತು ಕೂತೆ.